ನಾನು ಮಗಳ ಅಕ್ಕನಲ್ಲ, ಅಮ್ಮ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ‘ಅಮ್ಮ ಯಾರು, ಮಗಳು ಯಾರು?’ ಅಂತ ಒಂದು ಫೋಟೊ ಸ್ಪರ್ಧೆ ಇಟ್ಟಿದ್ದೀರಿ. ಅಮ್ಮ-ಮಗಳು ಅಕ್ಕ-ತಂಗಿಯರಂತೆ ಕಾಣಬೇಕು, ಗೆದ್ದವರಿಗೆ ರೇಷ್ಮೆ ಸೀರೆ. ಅದೇ ಪುಟದ ಕೆಳಗೆ ಮುಖದ ಸುಕ್ಕು ಹೋಗಿಸುವ ಕ್ರೀಮಿನ ಜಾಹೀರಾತು. ಎರಡನ್ನೂ ಒಟ್ಟಿಗೆ ಹಾಕಿದ್ದು ಬೇಕಂತಲೋ ಸುಮ್ನೆ ಹಾಗಾಯಿತೋ ಗೊತ್ತಿಲ್ಲ.

ನನ್ನ ಮಗಳು ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಡಿಗ್ರಿ ಓದುತ್ತಾಳೆ. ಶನಿವಾರ ಊರಿಗೆ ಬಂದಿದ್ದಳು. ಸ್ಪರ್ಧೆ ನೋಡಿದ್ದೇ ಜಗಲಿಯ ಮೇಲೆ ನನ್ನನ್ನು ನಿಲ್ಲಿಸಿ, ಪಕ್ಕದಲ್ಲಿ ತಾನೂ ನಿಂತು, ತಮ್ಮನ ಕೈಲಿ ಫೋಟೊ ಹೊಡೆಸಿದಳು. ಆಮೇಲೆ ಫೋನಿನಲ್ಲಿ ಏನೋ ಉಜ್ಜಿ ಉಜ್ಜಿ ನನಗೆ ತೋರಿಸಿದಳು. ‘ಸ್ವಲ್ಪ ಕ್ಲೀನ್ ಮಾಡಿದೀನಿ ಅಷ್ಟೇ ಅಮ್ಮ’ ಅಂದಳು. ನೋಡಿದರೆ ನನ್ನ ಕಣ್ಣಿನ ಕೆಳಗಿನ ಕಪ್ಪು ಇಲ್ಲ. ಮೂಗಿನ ಪಕ್ಕದಿಂದ ಬಾಯಿಯವರೆಗೆ ಬರುವ ಗೆರೆ ಇಲ್ಲ. ಬೈತಲೆ ಹತ್ತಿರದ ಬಿಳಿಕೂದಲು ಕರ್ರಗಾಗಿದೆ. ಕರಿಮಣಿ ಉಜ್ಜಿ ಕುತ್ತಿಗೆಯ ಮೇಲೆ ಬಿದ್ದ ಕಲೆಯೂ ಮಾಯ. ಅಷ್ಟೇ ಆಗಿದ್ದರೆ ನಕ್ಕು ಬಿಡುತ್ತಿದ್ದೆನೋ ಏನೋ. ಹುಬ್ಬಿನ ಮೇಲೆ ಒಂದು ಗಾಯದ ಗುರುತಿದೆ, ಸಣ್ಣವಳಿದ್ದಾಗ ಪೇರಲೆ ಮರದಿಂದ ಬಿದ್ದದ್ದು. ಅದನ್ನೂ ಒರೆಸಿ ಹಾಕಿತ್ತು ಆ ಫೋನು. ‘ಅದು ವಯಸ್ಸಿನದೂ ಅಲ್ಲ ಮಾರಾಯ್ತಿ, ಅದ್ಯಾಕೆ ತೆಗ್ದೆ?’ ಅಂದೆ. ‘ನಾನು ತೆಗ್ದಿಲ್ಲ, ಅದೇ ತೆಗೀತು’ ಅಂದಳು.

ಫೋಟೊ ಕಳಿಸುವುದು ಬೇಡ ಅಂದೆ. ಅವಳಿಗೆ ಬೇಜಾರಾಯಿತು. ಯಾಕೆ ಬೇಡ ಅಂತ ಅವಳಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ. ‘ಹೆಸ್ರು ಹಾಕ್ಬೇಡ ಅಷ್ಟೇ’ ಅಂದಿದ್ದಾಳೆ.

ನನಗೆ ಈಗ 49. ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಒಂದಿಷ್ಟು ಅಡಿಕೆ ತೋಟ, ಊಟಕ್ಕಾಗುವಷ್ಟು ಗದ್ದೆ ಇದೆ. ಅದನ್ನು ನಮ್ಮ ಮನೆಯವರು ನೋಡಿಕೊಳ್ಳುತ್ತಾರೆ. ಮಿಷನ್ನು ನನ್ನದು. ಸುತ್ತಲಿನ ಊರುಗಳ ಹೆಂಗಸರ ಬ್ಲೌಸು, ಹುಡುಗಿಯರ ಚೂಡಿದಾರ್, ಫಾಲ್ಸು, ಜಿಗ್‌ಜಾಗ್, ಹಬ್ಬದ ಹೊತ್ತಿಗೆ ಸಣ್ಣ ಮಕ್ಕಳ ಲಂಗ, ಎಲ್ಲ ನನ್ನಲ್ಲಿಗೇ ಬರುತ್ತವೆ. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುವ ಕೆಲಸವನ್ನು ಈಗ ರಾತ್ರಿ ಇಟ್ಟುಕೊಳ್ಳುವುದಿಲ್ಲ. ಚಾಳೀಸು ಹಾಕಿದರೂ ಹೊಲಿಗೆ ಎಲ್ಲಿ ಹೋಯಿತು ಅಂತ ಕಾಣುವುದಿಲ್ಲ. ಅಂಥವನ್ನು ತೆಗೆದಿಟ್ಟು ಬೆಳಿಗ್ಗೆ ಹತ್ತರ ಬಿಸಿಲಿಗೆ ಕೂರುತ್ತೇನೆ. ಮಳೆಗಾಲದಲ್ಲಿ ಆ ಬಿಸಿಲೂ ಇಲ್ಲ. ಜುಲೈನಲ್ಲಿ ಕಪ್ಪು ಬ್ಲೌಸು ತರಬೇಡಿ ಅಂತ ಗಿರಾಕಿಗಳಿಗೆ ಹೇಳಿಬಿಟ್ಟಿದ್ದೇನೆ.

ಟೈಲರ್ ಆದವಳಿಗೆ ವಯಸ್ಸು ಕನ್ನಡಿಯಲ್ಲಿ ಕಾಣುವುದಕ್ಕೆ ಮೊದಲು ಟೇಪಿನಲ್ಲಿ ಕಾಣುತ್ತದೆ. ನನ್ನ ಹತ್ತಿರ ಅಳತೆ ಪುಸ್ತಕಗಳಿವೆ. ಶಾಲೆ ಮಕ್ಕಳ ನೋಟ್‌ಬುಕ್ಕೇ, ಬೇರೇನಲ್ಲ. ಒಂದೊಂದು ಮನೆಗೆ ಒಂದೊಂದು ಹಾಳೆ. ನಮ್ಮ ಮನೆಯದೂ ಒಂದು ಹಾಳೆ ಇದೆ. ಎಡಗಡೆ ನನ್ನದು, ಬಲಗಡೆ ಮಗಳದು. ಅವಳ ಕಡೆ ಮೊದಲು ಲಂಗದ ಉದ್ದ ಮಾತ್ರ ಇತ್ತು. ಪ್ರತಿ ವರ್ಷ ದೀಪಾವಳಿಗೆ ಹಳೆಯದನ್ನು ಹೊಡೆದು ಹಾಕಿ ಹೊಸದು ಬರೆಯುತ್ತಿದ್ದೆ. ಆಮೇಲೆ ಎದೆ ಸುತ್ತಳತೆ ಬಂತು, ಸೊಂಟ ಬಂತು, ತೋಳು ಬಂತು. ಹದಿನೇಳಕ್ಕೆ ಬಂದು ಅವಳ ಅಳತೆ ನಿಂತಿತು. ನನ್ನ ಕಡೆ ಬಹಳ ವರ್ಷ ಒಂದೇ ಅಳತೆ ಇತ್ತು, ಹೊಡೆದು ಹಾಕುವ ಕೆಲಸವೇ ಇರಲಿಲ್ಲ. ನಲವತ್ತೈದು ದಾಟಿದ ಮೇಲೆ ಅದೂ ಶುರುವಾಯಿತು. ಸೊಂಟ ಎರಡಿಂಚು, ತೋಳು ಒಂದಿಂಚು. ಊಟ ಜಾಸ್ತಿಯಾಗಿಲ್ಲ, ಕೆಲಸ ಕಡಿಮೆಯಾಗಿಲ್ಲ. ಆದರೂ ಟೇಪು ಸುಳ್ಳು ಹೇಳುವುದಿಲ್ಲ ಅಲ್ವಾ.

ಹೋದ ವರ್ಷ ಅವಳ ಕಾಲೇಜಿನಲ್ಲಿ ಸೀರೆ ಉಡುವ ದಿನ ಅಂತ ಒಂದು ಮಾಡಿದರು. ಹುಡುಗಿಯರೆಲ್ಲ ಅಮ್ಮಂದಿರ ಸೀರೆ ಉಡುವುದಂತೆ. ಇವಳು ಕೇಳಿದ್ದು ನನ್ನ ಧಾರೆ ಸೀರೆ. ಬ್ಲೌಸು ಹೊಸದು ಹೊಲಿದು ಕೊಡುತ್ತೇನೆ ಅಂದೆ. ‘ಅದರದ್ದೇ ಬ್ಲೌಸು ಇದ್ಯಲ್ಲಮ್ಮ, ಹಾಕ್ಕೊಂಡು ನೋಡ್ತೀನಿ’ ಅಂದಳು. ಟ್ರಂಕಿನ ತಳದಲ್ಲಿ ಹಳೆ ಪಂಚೆಯೊಳಗೆ ಸುತ್ತಿಟ್ಟಿದ್ದೆ. ಗಿಡ್ಡ ತೋಳಿನ ಮೆರೂನ್ ಬ್ಲೌಸು. ಮದುವೆಯ ಹೊತ್ತಿಗೆ ನಾನೇ ಹೊಲಿದುಕೊಂಡದ್ದು, ಆಗಷ್ಟೇ ಹೊಲಿಗೆ ಕಲಿತಿದ್ದೆ. ಮದುವೆ ಬ್ಲೌಸಿಗೆ ಪಕ್ಕದ ಹೊಲಿಗೆಯೊಳಗೆ ಒಂದೂವರೆ ಇಂಚು ಬಟ್ಟೆ ಬಿಡಬೇಕು, ಮುಂದೆ ಬಿಡಿಸಿಕೊಳ್ಳಲು ಬೇಕಾಗುತ್ತದೆ ಅಂತ ಕಲಿಸಿದ ಅಕ್ಕ ಹೇಳಿದ್ದರು. ಅದನ್ನೂ ಬಿಟ್ಟಿದ್ದೆ.

ಗುಂಡುಪಿನ್ನು ಬಾಯಲ್ಲಿ ಕಚ್ಚಿಕೊಂಡು ನಿಂತಿದ್ದೆ, ಎಲ್ಲಾದರೂ ಹಿಡಿಯಬೇಕಾಗಬಹುದು ಅಂತ. ಅವಳು ಹಾಕಿಕೊಂಡಳು. ಹುಕ್ಸು ಒಂದೊಂದಾಗಿ ಹಾಕುತ್ತಾ ಹೋದೆ. ಮೇಲಿನಿಂದ ಕೆಳಗಿನ ತನಕ ಎಲ್ಲೂ ಎಳೆಯಲಿಲ್ಲ, ಎಲ್ಲೂ ಜೋಲಲಿಲ್ಲ. ಭುಜದ ಹೊಲಿಗೆ ಭುಜದ ಮೇಲೇ ಕೂತಿತು. ಒಂದು ಪಿನ್ನಿಗೂ ಕೆಲಸ ಬೀಳಲಿಲ್ಲ. ಅವಳು ಕನ್ನಡಿ ಮುಂದೆ ತಿರುಗಿ ತಿರುಗಿ ನೋಡಿಕೊಂಡಳು. ನಾನು ಹಿಂದೆ ನಿಂತಿದ್ದೆ. ಬಾಯಲ್ಲಿ ಪಿನ್ನು ಇದ್ದದ್ದು ಒಳ್ಳೆಯದೇ ಆಯಿತು. ಮಾತಾಡುವ ಹಾಗಿರಲಿಲ್ಲ.

ಅವತ್ತು ನನಗಾದದ್ದು ಬರೀ ಸಂತೋಷ ಅಂತ ಬರೆದರೆ ಸುಳ್ಳಾಗುತ್ತದೆ. ಹೊಟ್ಟೆಕಿಚ್ಚೂ ಆಯಿತು. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚೇ ಅಂತ ಓದುವವರು ಬಾಯಿ ಮೇಲೆ ಕೈ ಇಟ್ಟುಕೊಳ್ಳಬಹುದು, ಇಟ್ಟುಕೊಳ್ಳಲಿ. ಅವಳಿಗಿರುವುದು ನನಗೆ ಬೇಕು ಅಂತ ಆದ ಹೊಟ್ಟೆಕಿಚ್ಚಲ್ಲ ಅದು. ಅವಳದು ಹಾಳಾಗಲಿ ಅಂತಂತೂ ಅಲ್ಲವೇ ಅಲ್ಲ. ಆ ಬ್ಲೌಸಿನೊಳಗೆ ನಾನೂ ಒಬ್ಬಳಿದ್ದೆ, ಆ ಹುಡುಗಿಗೆ ತಾನು ಹೇಗೆ ಕಾಣುತ್ತೇನೆ ಅಂತ ಗೊತ್ತೇ ಇರಲಿಲ್ಲ, ಗೊತ್ತಾಗುವ ಹೊತ್ತಿಗೆ ಹೋಗಿಬಿಟ್ಟಿದ್ದಳು. ಆ ಸಂಕಟ. ಇವಳಿಗೆ ಗೊತ್ತಿದೆ. ದಿನಕ್ಕೆ ಹತ್ತು ಫೋಟೊ ಹೊಡೆದುಕೊಳ್ಳುತ್ತಾಳೆ, ಗೊತ್ತಿಲ್ಲದೆ ಇರುತ್ತದೆಯೇ? ನನ್ನ ಇಪ್ಪತ್ತರ ವಯಸ್ಸಿನದು ಒಂದೇ ಒಂದು ಫೋಟೊ ಇದೆ. ಅದೂ ಯಾರದೋ ಮದುವೆಯಲ್ಲಿ ಪಂಕ್ತಿಗೆ ಬಡಿಸುತ್ತಿರುವಾಗ ಹಿಂದಿನಿಂದ ತೆಗೆದದ್ದು.

ತಾಯಂದಿರ ಬಗ್ಗೆ ಪತ್ರಿಕೆಗಳಲ್ಲಿ ಬರುವುದೆಲ್ಲ ತ್ಯಾಗ, ಕರುಣೆ, ಕಣ್ಣೀರು. ಈ ಹೊಟ್ಟೆಕಿಚ್ಚನ್ನು ಯಾರೂ ಬರೆಯುವುದಿಲ್ಲ. ಆದರೆ ನನ್ನ ಮಿಷನ್ನಿನ ಪಕ್ಕದ ಬೆಂಚಿಗೆ ಬಂದು ಕೂರುವ ಎಷ್ಟೋ ಅಮ್ಮಂದಿರು ಇದನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳುತ್ತಾರೆ. ಒಬ್ಬರು ಮಗಳಿಗೆ ಆರಿಸಿದ ಬಟ್ಟೆಯನ್ನು ಮೊದಲು ತಮ್ಮ ಹೆಗಲಿಗೆ ಹಿಡಿದು ನೋಡುತ್ತಾರೆ. ಇನ್ನೊಬ್ಬರು ಮಗಳಿಗೆ ಬೆನ್ನು ಆಳ ಇಡಬೇಡ ಅಂತ ಗದರಿಸಿ, ಅವಳು ಆಚೆ ಹೋದ ಮೇಲೆ ‘ನನಗೂ ಒಂದ್ ಸಲ ಹಾಗೇ ಇಡು ನೋಡೋಣ’ ಅಂತಾರೆ. ನಾನು ಇಟ್ಟು ಕೊಡುತ್ತೇನೆ.

ಬಸ್ಸಿನಲ್ಲಿ, ಅಂಗಡಿಯಲ್ಲಿ ಅಕ್ಕ ಅನ್ನುವುದು ಹೋಗಿ ಅಮ್ಮ ಆದದ್ದನ್ನು ದೊಡ್ಡದು ಮಾಡಲಾರೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಲೈನಿಂಗ್ ಬಟ್ಟೆ ಕೊಳ್ಳುವಾಗ ಮಗಳು ಪಕ್ಕದಲ್ಲಿದ್ದರೆ ಅಂಗಡಿಯವರು ಅವಳಿಗೇ ಬಟ್ಟೆ ಬಿಚ್ಚಿ ತೋರಿಸುತ್ತಾರೆ. ದುಡ್ಡು ಕೊಡುವಾಗ ಮಾತ್ರ ನನ್ನ ಕಡೆ ತಿರುಗುತ್ತಾರೆ. ನಗು ಬರುತ್ತದೆ, ಅಷ್ಟೇ.

ನಗು ಬಾರದೆ ಇರುವುದು ಬೇರೆ ಒಂದಿದೆ. ಈ ಪತ್ರ ಬರೆಯಲು ಕೂತದ್ದು ನಿಜವಾಗಿ ಅದಕ್ಕೇ.

ಮಗಳು ದೊಡ್ಡವಳಾದಾಗ ನಮ್ಮ ಮನೆಯಲ್ಲಿ ಎಷ್ಟು ಗಲಾಟೆ! ನನ್ನ ಅತ್ತಿಗೆ ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡಿ ತಂದರು. ನಮ್ಮ ಅವ್ವ ಸೊರಬದ ಕಡೆಯಿಂದ ಕೊಬ್ಬರಿ, ತುಪ್ಪ ಹೊತ್ತು ಬಂದರು. ಆರತಿ ಮಾಡಿದರು, ಹಸೆಗೆ ಕೂರಿಸಿದರು. ಅವಳಿಗೆ ನಾಚಿಕೆಯಾಗಿ ಸಾಕಾಗಿಹೋಗಿತ್ತು. ಶಾಲೆಯಲ್ಲಿ ಟೀಚರು ಪಾಠ ಮಾಡಿದ್ದರು. ‘ಶುಚಿ’ ಅಂತ ಸರ್ಕಾರದ ಯೋಜನೆಯೇ ಇದೆ, ಹೆಣ್ಣುಮಕ್ಕಳಿಗೆ ಪ್ಯಾಡು ಕೊಡಲು. ಎಲ್ಲ ಒಳ್ಳೆಯದೇ. ನಮ್ಮ ಕಾಲದಲ್ಲಿ ಇಷ್ಟು ಇರಲಿಲ್ಲ.

ಅದೇ ಮನೆಯಲ್ಲಿ ನನಗೆ ಮುಟ್ಟು ನಿಂತಿತು. ಯಾರಿಗೂ ಗೊತ್ತೇ ಆಗಲಿಲ್ಲ. ಶುರುವಾಗುವುದು ಊರಿಗೆಲ್ಲ ಸುದ್ದಿ, ನಿಲ್ಲುವುದು ಯಾರಿಗೂ ಬೇಡದ ವಿಷಯ. ನಮ್ಮ ಕಡೆ ಭೂಮಿ ಹುಣ್ಣಿಮೆ ಮಾಡುತ್ತೇವೆ. ಪೈರು ಹೊಡೆಯಾಗಿ ನಿಂತಾಗ ಭೂಮಿತಾಯಿ ಬಸುರಿ ಅಂತ ಬಯಕೆ ಊಟ ಹೊತ್ತುಕೊಂಡು ಹೋಗಿ ಗದ್ದೆಗೆ ಬೀರುತ್ತೇವೆ. ಕೊಯ್ಲು ಮುಗಿದು ಬರೀ ಕೂಳೆ ಉಳಿದ ಗದ್ದೆಯ ಕಡೆ ದನ ಬಿಟ್ಟರೆ ಯಾರೂ ಹೋಗುವುದಿಲ್ಲ. ಹೆಂಗಸರದೂ ಹಾಗೇ ಆಗಿದೆ.

ನಮ್ಮ ಅವ್ವನನ್ನು ಕೇಳಿದೆ, ನಿನಗೆ ಯಾವಾಗ ನಿಂತಿತು, ಏನೇನಾಯಿತು ಅಂತ. ‘ನಿಂತಿದ್ದೇ ಒಳ್ಳೇದಾತು ಬಿಡು’ ಅಂದರು. ಅಷ್ಟೇ ಉತ್ತರ. ಅವರ ಮಟ್ಟಿಗೆ ಅದು ನಿಜ. ಅವರ ಕಾಲದಲ್ಲಿ ಹೊರಗಾದರೆ ಜಗಲಿಯ ಮೂಲೆಯಲ್ಲಿ ಕೂರಬೇಕಿತ್ತು. ಆಷಾಢದ ಮಳೆಯ ಎರಚಲು, ಚಳಿ, ಬೇರೆ ಚಾಪೆ, ಬೇರೆ ತಟ್ಟೆ. ನಿಂತ ಮೇಲೆ ದೇವರ ಕೋಣೆಗೆ ಯಾವತ್ತು ಬೇಕಾದರೂ ಹೋಗಬಹುದು, ಹಬ್ಬ ಯಾವ ದಿನ ಬಿದ್ದರೂ ಅಡುಗೆಗೆ ನಿಲ್ಲಬಹುದು. ಆ ತಲೆಮಾರಿನ ಹೆಂಗಸರಿಗೆ ಅದು ಬಿಡುಗಡೆಯೇ. ಮೈಯಲ್ಲಿ ಆಗಿರುವ ಕಷ್ಟವನ್ನೆಲ್ಲ ಆ ಬಿಡುಗಡೆಯ ಖುಷಿಯಲ್ಲಿ ನುಂಗಿಕೊಂಡಿರಬೇಕು. ನಮ್ಮಲ್ಲಿ ಈಗ ಹೊರಗೆ ಕೂರುವುದು ಬಹಳ ಮನೆಗಳಲ್ಲಿ ಇಲ್ಲ. ಹಾಗಾಗಿ ನಮಗೆ ಆ ಖುಷಿಯೂ ಇಲ್ಲ, ಬರೀ ಕಷ್ಟ ಉಳಿದಿದೆ.

ನನಗೆ ಶುರುವಾದದ್ದು ಒಂದು ಅಡಿಕೆ ಕೊಯ್ಲಿನಲ್ಲಿ. ಡಿಸೆಂಬರಿನ ಚಳಿ ನಿಮಗೆ ಗೊತ್ತಲ್ಲ, ಸಂಜೆ ಆರಕ್ಕೆಲ್ಲ ಕಿವಿಗೆ ಬಟ್ಟೆ ಸುತ್ತಿಕೊಳ್ಳಬೇಕು. ಅಂಗಳದಲ್ಲಿ ಲೈಟು ಹಾಕಿ ಏಳೆಂಟು ಹೆಂಗಸರು ಅಡಿಕೆ ಸುಲಿಯುತ್ತಿದ್ದೆವು. ಮಗಳೂ ಕಾಲೇಜಿಗೆ ರಜೆ ಅಂತ ಬಂದು ಕೂತಿದ್ದಳು. ಅವಳಿಗೆ ಸುಲಿಯುವುದು ಸರಿಯಾಗಿ ಬರುವುದಿಲ್ಲ, ಹಣ್ಣಾದ ಗೋಟು ಅಡಿಕೆ ಆರಿಸಿ ಹಾಕುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಎದೆಯಿಂದ ಬಿಸಿ ಮೇಲೇರಿ ಬಂತು. ಕುತ್ತಿಗೆ, ಕಿವಿ, ಕೆನ್ನೆ ಎಲ್ಲ ಉರಿ. ಹಣೆಯಿಂದ ಬೆವರು ಇಳಿದು ಚಾಳೀಸಿನ ಮೇಲೆ ಬಿತ್ತು. ಸ್ವೆಟರ್ ಬಿಚ್ಚಿ ಎಸೆದೆ. ಎದುರಿಗಿದ್ದ ಅಕ್ಕ ಒಬ್ಬರು ಒಂದು ಸಲ ನೋಡಿದರು. ಗೊತ್ತಾಯಿತು ಅವರಿಗೆ. ಏನೂ ಹೇಳಲಿಲ್ಲ, ಕತ್ತಿಗೆ ಇನ್ನೊಂದು ಅಡಿಕೆ ಕೊಟ್ಟರು. ಇನ್ನೊಬ್ಬರು ‘ಬೇಯಿಸೋ ಒಲೆ ಹತ್ರ ಕೂತಿದೀಯಲ್ಲ, ಅದ್ಕೇ’ ಅಂದು ಮಾತು ಮುಚ್ಚಿದರು. ಒಲೆ ಇದ್ದದ್ದು ಮನೆ ಹಿಂದೆ.

ಮಗಳು ಮಾತ್ರ ಎದ್ದು ಬಂದಳು. ‘ಎಂಥ ಆಯ್ತಮ್ಮ?’ ಅಂದಳು. ಹೆಂಗಸರೆಲ್ಲ ಸುಮ್ಮನಾದರು. ನಾನೂ ‘ಎಂಥದೂ ಇಲ್ಲ, ಹೋಗು’ ಅಂತ ಹೇಳಿಬಿಡಬಹುದಿತ್ತು. ನಮ್ಮ ಅವ್ವ ಹಾಗೇ ಹೇಳಿರುತ್ತಿದ್ದರು. ನಾನು ಹೇಳಿದೆ: ‘ನಂಗೆ ಮುಟ್ಟು ನಿಲ್ಲೋ ಹೊತ್ತು ಕಣೇ. ಹಿಂಗೆ ಬಿಸಿ ಬರ್ತದೆ. ಸ್ವಲ್ಪ ಹೊತ್ತಿಗೆ ಹೋಗ್ತದೆ.’ ಅವಳು ಹೋಗಿ ತಣ್ಣೀರು ತಂದುಕೊಟ್ಟಳು. ರಾತ್ರಿ ಮಲಗುವಾಗ ಕೇಳಿದಳು, ‘ನೋವಾಗ್ತದಾ? ನಂಗೂ ಹಿಂಗೇ ಆಗ್ತದಾ?’ ಆಗಬಹುದು, ಆಗದೆಯೂ ಇರಬಹುದು, ಎಲ್ಲರಿಗೂ ಒಂದೇ ಥರ ಆಗುವುದಿಲ್ಲ ಅಂದೆ. ನನಗೆ ಆಗ ಗೊತ್ತಿದ್ದದ್ದು ಅಷ್ಟೇ.

ಉಳಿದದ್ದನ್ನು ನಾನು ತಿಳಿದುಕೊಂಡದ್ದು ಆಸ್ಪತ್ರೆಯಲ್ಲಿ. ಮೊದಲು ಹೋದ ಒಂದು ಕಡೆ ಮಾತು ಮುಗಿಸುವುದರೊಳಗೆ ‘ಮಕ್ಕಳಾಗಿದಾವಲ್ಲ, ಗರ್ಭಕೋಶ ತೆಗೆಸಿಬಿಡಿ, ಕಿರಿಕಿರಿಯೇ ಇರೋದಿಲ್ಲ’ ಅಂದರು. ಆಗ ನನಗೆ ಮುಟ್ಟು ಒಂದು ತಿಂಗಳು ಬಂದರೆ ಎರಡು ತಿಂಗಳು ಇಲ್ಲ, ಬಂದಾಗ ಜಾಸ್ತಿ. ಇನ್ನೊಬ್ಬ ಡಾಕ್ಟರಮ್ಮನಿಗೆ ತೋರಿಸಿದೆ. ಅವರು ಸ್ಕ್ಯಾನಿಂಗ್ ಮಾಡಿಸಿ, ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್ ಕೂಡ ನೋಡಿಸಿದರು. ಥೈರಾಯ್ಡ್ ತೊಂದರೆಯಿದ್ದರೂ ಸುಸ್ತು, ಬೆವರು, ಮುಟ್ಟಿನ ಏರುಪೇರು ಆಗುತ್ತದಂತೆ. ಎಲ್ಲ ನೋಡಿ ಗರ್ಭಕೋಶ ತೆಗೆಯುವಂಥದ್ದು ಏನೂ ಇಲ್ಲ ಅಂದರು. ಒಂದಿಷ್ಟು ದಿನ ಮಾತ್ರೆ ಕೊಟ್ಟರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ವಿವರಿಸಿದರು.

ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಒಂದು ವರ್ಷ ಪೂರ್ತಿ ಮುಟ್ಟು ಆಗದೆ ಹೋದರೆ ಆಗ ನಿಂತಿತು ಅಂತ ಲೆಕ್ಕ. ಸಾಮಾನ್ಯವಾಗಿ 45ರಿಂದ 55 ವರ್ಷದೊಳಗೆ ನಿಲ್ಲುತ್ತದೆ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46–47ರ ಹೊತ್ತಿಗೇ. ನಿಲ್ಲುವುದಕ್ಕೆ ಮೊದಲು ಕೆಲವು ವರ್ಷ ಏರುಪೇರು ಇರುತ್ತದೆ. ಆ ಹೊತ್ತಿನಲ್ಲಿ ಬಸುರಿಯಾಗುವ ಸಾಧ್ಯತೆಯೂ ಇದ್ದೇ ಇರುತ್ತದೆ, ಮೈಮರೆಯುವ ಹಾಗಿಲ್ಲ. ಈಸ್ಟ್ರೋಜನ್ ಅನ್ನುವ ಹಾರ್ಮೋನು ಕಡಿಮೆಯಾದಾಗ ಮೈಯ ಬಿಸಿ ನೋಡಿಕೊಳ್ಳುವ ಮಿದುಳಿನ ಭಾಗ ಸಣ್ಣದಕ್ಕೂ ಗಾಬರಿಬೀಳುತ್ತದೆ. ಸ್ವಲ್ಪ ಬಿಸಿಯಾದರೂ ಸಾಕು, ಚರ್ಮದ ರಕ್ತನಾಳ ಅಗಲ ಮಾಡಿ ಬೆವರು ಸುರಿಸುತ್ತದೆ. ಆ ಬಿಸಿ ಬರುವುದು ಇದಕ್ಕೇ. ನಿದ್ದೆ ಕೆಡುವುದು, ಸಿಟ್ಟು, ಸುಮ್ಮಸುಮ್ಮನೆ ಅಳು, ಕೀಲುನೋವು, ಉರಿಮೂತ್ರ, ಇವೂ ಬರಬಹುದು. ಮೂಳೆ ಸವೆಯುವುದು ಈ ವರ್ಷಗಳಲ್ಲಿ ಜೋರು. ಹೃದಯದ ಕಾಯಿಲೆಯ ಭಯವೂ ಮೊದಲಿಗಿಂತ ಜಾಸ್ತಿ. ಒಂದು ವರ್ಷ ನಿಂತು, ಆಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತೋರಿಸಬೇಕು. 40ಕ್ಕೆ ಮೊದಲೇ ನಿಂತರೂ ತೋರಿಸಬೇಕು.

ಊಟದ ಬಗ್ಗೆಯೂ ಹೇಳಿದರು. ನಮ್ಮದು ಗಂಜಿ, ಅನ್ನ, ಕಡುಬು, ಅಕ್ಕಿ ರೊಟ್ಟಿ, ತಿರುಗಿಸಿ ಮುರುಗಿಸಿ ಅಕ್ಕಿಯೇ. ರಾಗಿ, ಎಳ್ಳು, ಹಾಲು, ಸೊಪ್ಪು ಜಾಸ್ತಿ ಮಾಡಿ, ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಬಿಸಿಲಿಗೆ ಮೈ ಕೊಡಿ ಅಂದರು. ನಮ್ಮ ಮನೆಯವರಿಗೆ ರಾಗಿಮುದ್ದೆ ಅಂದರೆ ಆಗುವುದಿಲ್ಲ. ನಾನೊಬ್ಬಳೇ ಮಾಡಿಕೊಂಡು ತಿನ್ನುತ್ತೇನೆ.

ಗರ್ಭಕೋಶದ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ಬ್ಲೌಸು ಬಿಡಿಸಲು ಬರುವ ಹೆಂಗಸರಲ್ಲಿ ನಲವತ್ತಕ್ಕೂ ಮೊದಲೇ ತೆಗೆಸಿಕೊಂಡವರಿದ್ದಾರೆ. ಯಾಕೆ ತೆಗೆಸಿದಿರಿ ಅಂದರೆ ‘ಬಿಳಿ ಹೋಗ್ತಿತ್ತು’ ಅಂತ ಒಬ್ಬರು, ‘ಮುಂದೆ ಕ್ಯಾನ್ಸರ್ ಆಗ್ತದಂತೆ ಅಂದ್ರು’ ಅಂತ ಇನ್ನೊಬ್ಬರು. ತೆಗೆಯಲೇಬೇಕಾದ ಕಾಯಿಲೆಗಳಿವೆ, ಅದು ಬೇರೆ ಮಾತು. ಆದರೆ ಬೇಡದೆಯೂ ತೆಗೆಯುತ್ತಾರೆ ಅನ್ನುವುದು ನಾನು ಹುಟ್ಟಿಸಿದ ಮಾತಲ್ಲ. 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟೇ ಇದನ್ನು ನೋಡಿ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಮಾಡಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿತು. ಅಂಥ ಮಾರ್ಗಸೂಚಿ ಇದೆ ಅಂತ ನನ್ನ ಬೆಂಚಿನ ಮೇಲೆ ಕೂರುವ ಒಬ್ಬರಿಗೂ ಗೊತ್ತಿಲ್ಲ. ಗೊತ್ತಿದ್ದರೆ ಕೊನೇಪಕ್ಷ ಇನ್ನೊಬ್ಬ ಡಾಕ್ಟರಿಗೆ ತೋರಿಸಿ ಕೇಳುತ್ತಿದ್ದರು.

2025ರಲ್ಲಿ ನಮ್ಮ ರಾಜ್ಯ ಸರ್ಕಾರ ಕೆಲಸಕ್ಕೆ ಹೋಗುವ ಹೆಂಗಸರಿಗೆ ತಿಂಗಳಿಗೊಂದು ದಿನ, ವರ್ಷಕ್ಕೆ 12 ದಿನ ಸಂಬಳದ ಮುಟ್ಟಿನ ರಜೆ ಮಾಡಿತು. 18ರಿಂದ 52 ವರ್ಷದವರಿಗೆ. ನನ್ನ ಮಗಳು ಓದಿ ಹೇಳಿದಳು. ಅವಳು ಮುಂದೆ ಕೆಲಸಕ್ಕೆ ಸೇರಿದರೆ ಸಿಗಬಹುದು, ಸಿಗಲಿ. ಹೊಲಿಗೆ ಹೊಲಿಯುವವಳಿಗೆ, ಅಡಿಕೆ ಸುಲಿಯುವವಳಿಗೆ ರಜೆ ಕೊಡುವವರು ಯಾರು? ಅದನ್ನು ಕೇಳುವುದೂ ಇಲ್ಲ ನಾನು. 52 ಅಂತ ಬರೆದರಲ್ಲ, ಅಲ್ಲಿಗೆ ಬರುವ ಹೊತ್ತಿಗೆ ಹೆಂಗಸಿನ ಮೈಗೆ ಏನಾಗಿರುತ್ತದೆ ಅಂತ ಯಾರಾದರೂ ಒಂದು ಸಾಲು ಬರೆಯಬಹುದಿತ್ತು.

ಈಗ ನಿಮ್ಮ ಸ್ಪರ್ಧೆಯ ವಿಷಯ. ಯೌವನ ಬೇಡ ಅನ್ನುವಷ್ಟು ಸನ್ಯಾಸಿನಿ ನಾನಲ್ಲ. ಮದುವೆಮನೆಗೆ ಹೋಗುವಾಗ ನಾನೂ ಬೈತಲೆಗೆ ಬಣ್ಣ ಹಚ್ಚಿಕೊಳ್ಳುತ್ತೇನೆ, ಒಳ್ಳೆಯ ಸೀರೆ ಉಡುತ್ತೇನೆ. ಯಾರಾದರೂ ‘ನಿಮಗೆ ಇಷ್ಟು ದೊಡ್ಡ ಮಗಳಾ!’ ಅಂದರೆ ಒಳಗೊಳಗೇ ಹಿಗ್ಗುತ್ತೇನೆ. ಆದರೆ ನನ್ನ ಮಗಳಿಗೆ ಅಕ್ಕಂದಿರು ಬೇಕಾದಷ್ಟು ಇದ್ದಾರೆ. ದೊಡ್ಡಪ್ಪನ ಮಕ್ಕಳಿದ್ದಾರೆ, ಹಾಸ್ಟೆಲಿನಲ್ಲಿ ಸೀನಿಯರ್‌ಗಳಿದ್ದಾರೆ. ಇಪ್ಪತ್ತೊಂಬತ್ತು ವರ್ಷ ಮುಂದೆ ನಡೆಯುತ್ತಿರುವ ಹೆಂಗಸು ಅಂತ ಅವಳಿಗೆ ಹತ್ತಿರದಲ್ಲಿ ಇರುವುದು ನಾನೊಬ್ಬಳೇ. ಚಾಳೀಸು ಯಾವಾಗ ಬಂತು, ಸೊಂಟ ಯಾವಾಗ ದಪ್ಪವಾಯಿತು, ರಾತ್ರಿ ಯಾಕೆ ಎದ್ದು ಕೂರುತ್ತೇನೆ, ಎಲ್ಲವನ್ನೂ ಅವಳು ನನ್ನನ್ನು ನೋಡಿಯೇ ತಿಳಿಯಬೇಕು. ಅವಳ ಫೋನು ಅದನ್ನೆಲ್ಲ ಒರೆಸಿ ಕೊಟ್ಟರೆ, ನೀವು ಅದಕ್ಕೆ ರೇಷ್ಮೆ ಸೀರೆ ಬೇರೆ ಕೊಟ್ಟರೆ, ಅವಳಿಗೆ ಉಳಿಯುವುದು ಏನು? ತನ್ನ ಸರದಿ ಬಂದಾಗ ನನ್ನ ಹಾಗೇ ಒಲೆ ಇಲ್ಲದ ಕಡೆ ಒಲೆ ಹುಡುಕುತ್ತಾ ಕೂರಬೇಕು.

ಅವಳಿಗೆ ಇದು ಅರ್ಥವಾಗಿದೆ ಅಂತ ಹೇಳಲಾರೆ. ಇಪ್ಪತ್ತು ವರ್ಷಕ್ಕೆ ಇದೆಲ್ಲ ಪೂರ್ತಿ ಅರ್ಥವಾಗುವುದೂ ಬೇಡ. ಭೂಮಿ ಹುಣ್ಣಿಮೆಗೆ ಊರಿಗೆ ಬಂದಿದ್ದಾಗ ಬಯಕೆ ಊಟ ಹೊರುವ ಬುಟ್ಟಿಗೆ ಚಿತ್ತಾರ ಬರೆಯಲು ಕೂತಳು. ಬುಟ್ಟಿಗೆ ಕೆಮ್ಮಣ್ಣು ನಾನು ಬಳಿದಿದ್ದೆ, ಅಕ್ಕಿ ನೆನೆಸಿ ಅರೆದಿದ್ದೂ ನಾನೇ. ಪುಂಡಿ ನಾರಿನ ಕುಂಚ ಹಿಡಿದು ಒಂದೇ ಉಸಿರಿಗೆ ಉದ್ದ ಗೆರೆ ಎಳೆದಳು. ನನಗೀಗ ಅಷ್ಟು ಉದ್ದದ ಗೆರೆ ಬರುವುದಿಲ್ಲ, ಮಧ್ಯದಲ್ಲಿ ಕಣ್ಣು ತಪ್ಪುತ್ತದೆ. ಆದರೆ ಅವಳು ಎಲ್ಲಿ ಯಾವ ಗೆರೆ ಬರಬೇಕು ಅನ್ನುವುದನ್ನು ಮೂರು ಸಲ ಮರೆತಳು. ‘ಅಮ್ಮ, ಇಲ್ಲಿ ಎಂಥ?’ ಅಂತ ಕೇಳುತ್ತಿದ್ದಳು, ನಾನು ಕೂತಲ್ಲಿಂದಲೇ ಹೇಳುತ್ತಿದ್ದೆ. ಚೆನ್ನಾಗಿಯೇ ಬಂತು ಬುಟ್ಟಿ. ನಮ್ಮ ಅತ್ತಿಗೆ ಬಂದು ನೋಡಿ ‘ಯಾರು ಬರ್ದಿದ್ದು?’ ಅಂದರು. ನಾವಿಬ್ಬರೂ ಒಟ್ಟಿಗೆ ‘ನಾನು’ ಅಂದೆವು.

ನಿಮ್ಮಲ್ಲಿ ಕೇಳುವುದು ಹೆಚ್ಚೇನಲ್ಲ. ಸ್ಪರ್ಧೆ ನಿಲ್ಲಿಸಿ ಅನ್ನುವುದಿಲ್ಲ, ಜನಕ್ಕೆ ಖುಷಿಯಾಗುತ್ತದೆ ಅಂದರೆ ನಡೆಸಿ. ಅಕ್ಟೋಬರ್ 18 ಮುಟ್ಟು ನಿಲ್ಲುವ ವಿಷಯಕ್ಕೆಂದೇ ಜಗತ್ತಿನಾದ್ಯಂತ ಇಟ್ಟುಕೊಂಡ ದಿನ. ಆ ವಾರ ಪುರವಣಿಯಲ್ಲಿ ಎರಡು ಪುಟ ಕೊಡಿ. ದೊಡ್ಡ ಊರಿನ ದೊಡ್ಡ ಹೆಸರಿನವರು ಬೇಕೆಂದಿಲ್ಲ. ನಮ್ಮ ಜಿಲ್ಲೆಯ ಆಸ್ಪತ್ರೆಗಳಲ್ಲಿ ದಿನಾ ನಮ್ಮಂಥವರನ್ನು ನೋಡುವ ಡಾಕ್ಟರಮ್ಮಂದಿರಿದ್ದಾರೆ, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿದ್ದಾರೆ. ಅವರಿಂದ ಬರೆಸಿ. ‘ಮಹಿಳೆಯರ ಆ ಸಮಸ್ಯೆ’ ಅಂತ ಸುತ್ತಿಬಳಸಿ ಬೇಡ, ಮುಟ್ಟು ನಿಲ್ಲುವುದು ಅಂತಲೇ ತಲೆಬರಹ ಕೊಡಿ.

ಪ್ರಶ್ನೆಗಳಿಗೆ ಬರ ಇಲ್ಲ. ನನ್ನ ಬೆಂಚಿನ ಮೇಲೆ ಬಂದವನ್ನೇ ಕೆಲವು ಬರೆದು ಕಳಿಸುತ್ತೇನೆ. ಗಂಡನಿಗೆ ಹೇಗೆ ಹೇಳುವುದು? ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತದಂತೆ, ಹೌದಾ? ಮಗಳಿಗೆ ಬಾಣಂತನ ಮಾಡುವ ವರ್ಷವೇ ನನಗೆ ಇದು ಶುರುವಾಗಿದೆ, ರಾತ್ರಿ ನಿದ್ದೆ ಇಲ್ಲ, ಮಗು ಎತ್ತಿಕೊಳ್ಳಲು ಸೊಂಟ ಬರುವುದಿಲ್ಲ, ಏನು ಮಾಡಲಿ? ನಗುವಾಗ, ಸೀನುವಾಗ ಮೂತ್ರ ಹನಿಯುತ್ತದೆ, ಇದಕ್ಕೆ ಔಷಧಿ ಇದೆಯಾ, ಇಲ್ಲಾ ಹೀಗೇ ಇರಬೇಕಾ? ಹಾರ್ಮೋನ್ ಮಾತ್ರೆ ತಗೊಂಡರೆ ಕ್ಯಾನ್ಸರ್ ಬರುತ್ತದೆ ಅಂತ ಒಬ್ಬರು, ಏನೂ ಆಗಲ್ಲ ಅಂತ ಇನ್ನೊಬ್ಬರು, ಯಾರ ಮಾತು ಕೇಳುವುದು? ಈ ಕೊನೆಯ ಪ್ರಶ್ನೆ ಕೇಳಿದವರಿಗೆ ಇನ್ನೂ ಮೂವತ್ತೆಂಟು. ಅವರದಕ್ಕೆ ಮೊದಲು ಉತ್ತರ ಕೊಡಿಸಿ.

ನನ್ನ ಹೆಸರು, ವಿಳಾಸ, ಫೋನ್ ನಂಬರು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಟ್ಟಿದ್ದೇನೆ. ಪೇಪರಿನಲ್ಲಿ ಮಾತ್ರ ಹಾಕಬೇಡಿ. ನನಗೆ ನಾಚಿಕೆ ಅಂತಲ್ಲ. ಇಲ್ಲಿ ಬರೆದದ್ದೆಲ್ಲ ತಮ್ಮದೇ ವಿಷಯ ಅಂತ ನಾಲ್ಕು ಊರಿನ ಹೆಂಗಸರಿಗೂ ಅನ್ನಿಸಿ, ದೀಪಾವಳಿ ಹೊತ್ತಿಗೆ ಬ್ಲೌಸು ತರುವುದೇ ನಿಲ್ಲಿಸಿಬಿಟ್ಟಾರು.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ